ರಾಕೆಟ್ ಮೈಮೇಲೆ ನಾಲ್ಕು ತೂತು ಯಾಕೆ? ನಾನೇ ಮುಚ್ಚಿದ ಮೇಲೆ ಗೊತ್ತಾಯ್ತು

ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ, ಮಾತಿನ ಧಾಟಿ ಹಾಗೇ ಇದೆ.

ಇವತ್ತಿನ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರು. ನಾನು ಒಂದು ರಾಕೆಟ್ ಬೀಳಿಸಿದೀನಿ. ತಮಾಷೆಗೆ ಹೇಳ್ತಿಲ್ಲ. ಮೂರು ಕೆಜಿ ತೂಕದ ರಾಕೆಟ್, ಐದಾರು ತಿಂಗಳ ಕೆಲಸ, ಎಂಟು ಜನ ಹುಡುಗ ಹುಡುಗಿಯರದ್ದು. ಅದನ್ನ ಬೀಳಿಸೋಕೆ ನನಗೆ ಬೇಕಾಗಿದ್ದು ಒಂದು ಸ್ಟಿಕ್ಕರ್ ಮಾತ್ರ.

ನನ್ನ ಚಿಕ್ಕಪ್ಪನ ಮಗ ಎಂಜಿನಿಯರಿಂಗ್ ಓದ್ತಾನೆ. ಅವನ ಕಾಲೇಜಲ್ಲಿ ಒಂದು ರಾಕೆಟ್ ತಂಡ ಇದೆ. ಈಗೀಗ ಇಂಥ ತಂಡಗಳು ಜಾಸ್ತಿ ಆಗ್ತಿವೆ, ಇನ್-ಸ್ಪೇಸ್ ಕೂಡ ಕಾಲೇಜು ಹುಡುಗರಿಗೆ ಅಂತಲೇ ಮಾಡೆಲ್ ರಾಕೆಟ್ ಸ್ಪರ್ಧೆ ನಡೆಸುತ್ತಿದೆ. ಇವರು ಚಿತ್ರದುರ್ಗದ ಕಡೆ ಒಂದು ಒಣಗಿದ ಕೆರೆಯಲ್ಲಿ ಪರೀಕ್ಷಾ ಹಾರಾಟ ಇಟ್ಕೊಂಡಿದ್ರು. ಅನುಮತಿ ಪತ್ರ ಮೇಷ್ಟ್ರ ಫೈಲಲ್ಲಿತ್ತು, ಮೋಟಾರ್ ವಿಷಯ ನೋಡ್ಕೊಳ್ಳೋಕೆ ತಿಳಿದವರಿದ್ರು. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ: ಮೋಟಾರು, ಮದ್ದು, ಇವನ್ನೆಲ್ಲ ಮನೇಲಿ ಮಾಡೋ ವಿಷಯ ಅಲ್ಲ. ಈ ಸಂಚಿಕೆಯಲ್ಲಿ ಅದರ ಬಗ್ಗೆ ಏನೂ ಇರಲ್ಲ.

ನಾನು ಹೋಗಿದ್ದು ಸೌಂಡ್ ರೆಕಾರ್ಡ್ ಮಾಡೋಕೆ. ಜೊತೆಗೆ ನಮ್ಮ ಪಾಡ್‌ಕಾಸ್ಟ್ ಸ್ಟಿಕ್ಕರ್ ಒಂದಿಷ್ಟು ಪ್ರಿಂಟ್ ಹಾಕಿಸಿಕೊಂಡು ಹೋಗಿದ್ದೆ. ಎರಡು ಬೆರಳಗಲದ ಉದ್ದನೆಯ ಪಟ್ಟಿ. ತಮ್ಮನ್ನ ಕೇಳಿದೆ, "ಇದನ್ನ ರಾಕೆಟ್ ಮೇಲೆ ಅಂಟಿಸಲೇನೋ?" ಅವನು ಲಾಂಚ್ ಕಂಬ ನೆಟ್ಟಗೆ ಮಾಡ್ತಿದ್ದ. ತಿರುಗಿ ನೋಡದೆ "ಎಲ್ಲಾದ್ರೂ ಅಂಟಿಸು ಅಣ್ಣ" ಅಂದ.

ನಾನು ನಡುಭಾಗ ಆರಿಸಿಕೊಂಡೆ, ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ. ಅಲ್ಲಿ ನಾಲ್ಕು ಸಣ್ಣ ತೂತು ಇತ್ತು, ಸುತ್ತಲೂ ಒಂದೇ ಎತ್ತರದಲ್ಲಿ. ನನಗೆ ಅನ್ನಿಸಿದ್ದು, ಪಾಪ, ಸ್ಕ್ರೂ ಹಾಕೋದು ಮರೆತಿದ್ದಾರೆ, ಧೂಳು ಒಳಗೆ ಹೋಗುತ್ತೆ ಅಂತ. ಸ್ಟಿಕ್ಕರನ್ನ ಬಳೆ ಥರ ಸುತ್ತಿದೆ. ಬೆರಳಲ್ಲಿ ಒತ್ತಿ ಒತ್ತಿ ಕೂರಿಸಿದೆ. ಸಹಾಯ ಮಾಡ್ತಿದೀನಿ ಅಂದ್ಕೊಂಡಿದ್ದೆ, ನಿಜವಾಗ್ಲೂ.

ಆ ತೂತಿನ ಹಿಂದೆ ಏನಿರುತ್ತೆ?

ರಾಕೆಟ್ ನಡುವೆ ಒಂದು ಚಿಕ್ಕ ಕೋಣೆ ಇರುತ್ತದೆ. ಅದರೊಳಗೆ ಬ್ಯಾಟರಿ, ಒಂದು ಸರ್ಕ್ಯೂಟ್ ಬೋರ್ಡ್, ಆಲ್ಟಿಮೀಟರ್. ಆಲ್ಟಿಮೀಟರ್ ಅಂದ್ರೆ ಎತ್ತರ ಅಳೆಯೋ ಸಾಧನ. ಆದರೆ ಎತ್ತರವನ್ನ ಅದು ನೇರವಾಗಿ ಅಳೆಯಲ್ಲ. ಅಳೆಯೋದು ಗಾಳಿಯ ಒತ್ತಡವನ್ನ. ಮೇಲೆ ಹೋದಷ್ಟೂ ತಲೆ ಮೇಲಿರೋ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಒತ್ತಡ ಕಡಿಮೆಯಾದರೆ ಒಂಬತ್ತೂವರೆ ಮೀಟರ್ ಮೇಲೆ ಹೋದ ಹಾಗೆ, ಅಂದಾಜು ಲೆಕ್ಕ.

ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಹೋಗುವಾಗ ಬ್ಯಾಗಲ್ಲಿರೋ ಚಿಪ್ಸ್ ಪ್ಯಾಕೆಟ್ ಬಲೂನ್ ಥರ ಉಬ್ಬುತ್ತಲ್ಲ? ಅದೇ ವಿಷಯ. ಹೊರಗೆ ಒತ್ತಡ ಕಮ್ಮಿ ಆಯ್ತು, ಪ್ಯಾಕೆಟ್ ಒಳಗೆ ಇನ್ನೂ ಕೆಳಗಿನ ಊರಿನ ಗಾಳಿ. ಪ್ಯಾಕೆಟ್ ಒಳಗೆ ಕೂತವರಿಗೆ ಘಾಟಿ ಹತ್ತಿದ್ದು ಸರಿಯಾಗಿ ಗೊತ್ತಾಗಲ್ಲ.

ರಾಕೆಟ್ ಕೋಣೆಗೆ ತೂತು ಇಡೋದು ಇದಕ್ಕೇ. ಹೊರಗಿನ ಒತ್ತಡ ಏನಿದೆಯೋ ಅದೇ ಒಳಗೂ ಇರಬೇಕು, ಅದೂ ಆ ಕ್ಷಣದಲ್ಲೇ. ಯಾಕಂದ್ರೆ ಈ ಸಾಧನ ಎತ್ತರ ಬರೆದಿಟ್ಟುಕೊಂಡು ಸುಮ್ಮನಿರಲ್ಲ, ತೀರ್ಮಾನವನ್ನೂ ತಗೊಳ್ಳುತ್ತೆ. ಒತ್ತಡ ಇಳಿಯೋದು ನಿಂತು ಮತ್ತೆ ಏರೋಕೆ ಶುರುವಾದ್ರೆ, ತುದಿ ಮುಟ್ಟಿದೆವು ಅಂತ ಅರ್ಥ. ಆಗ ಒಂದು ಸಣ್ಣ ಪ್ಯಾರಾಚೂಟ್ ಬಿಡುತ್ತೆ. ಕೆಳಗೆ ಬರ್ತಾ 150 ಮೀಟರ್ ಹತ್ತಿರ ದೊಡ್ಡ ಪ್ಯಾರಾಚೂಟ್. ಹೀಗೆ ಎರಡು ಹಂತ ಮಾಡೋದು ಯಾಕಂದ್ರೆ, ದೊಡ್ಡದನ್ನ ಮೇಲೇ ಬಿಚ್ಚಿದ್ರೆ ಗಾಳಿಗೆ ತೇಲಿ ಪಕ್ಕದ ಊರಿಗೆ ಹೋಗುತ್ತೆ.

ಈಗ ತೂತು ಮುಚ್ಚಿದ್ರೆ? ರಾಕೆಟ್ ಐನೂರು ಮೀಟರ್ ಮೇಲಿರುತ್ತೆ, ಆಲ್ಟಿಮೀಟರ್ ಲೆಕ್ಕದಲ್ಲಿ ಇನ್ನೂ ನೆಲದ ಮೇಲೇ ಇರುತ್ತೆ.

ಆ ಇಪ್ಪತ್ತು ಸೆಕೆಂಡ್

ನನ್ನ ರೆಕಾರ್ಡಿಂಗಲ್ಲಿ ಎಲ್ಲ ಇದೆ. ಸ್ವಿಚ್ ಹಾಕಿದ ಮೇಲೆ ಬೀಪ್, ಬೀಪ್, ಬೀಪ್. ಮೂರು ಬೀಪ್ ಅಂದ್ರೆ ಬ್ಯಾಟರಿ ಸರಿ, ವೈರ್ ಸರಿ, ಎರಡೂ ಪ್ಯಾರಾಚೂಟ್ ಕನೆಕ್ಷನ್ ಸರಿ. ತಂಡದ ಲೀಡ್ ಹುಡುಗಿ ಚೆಕ್‌ಲಿಸ್ಟ್ ಓದ್ತಾಳೆ, ಒಬ್ಬೊಬ್ಬರೂ "ಓಕೆ" ಅಂತಾರೆ. ಆಮೇಲೆ ಎಣಿಕೆ. ಆಮೇಲೆ ಆ ಶಬ್ದ, ಬಟ್ಟೆ ಹರಿದ ಹಾಗೆ. ಎಲ್ಲರೂ ಕಿರುಚ್ತಾರೆ, ಖುಷಿಗೆ.

ಹತ್ತು ಸೆಕೆಂಡ್ ಆದ ಮೇಲೆ ಕಿರುಚಾಟ ನಿಲ್ಲುತ್ತೆ. ಯಾರೋ "ಡ್ರೋಗ್ ಎಲ್ಲಿ?" ಅಂತಾರೆ. ಡ್ರೋಗ್ ಅಂದ್ರೆ ಆ ಸಣ್ಣ ಪ್ಯಾರಾಚೂಟ್. ಇನ್ನೊಂದು ದನಿ, "ಬಂದಿಲ್ಲ, ಬಂದಿಲ್ಲ." ಆಮೇಲೆ ಲೀಡ್ ಹುಡುಗಿ, ತುಂಬಾ ಜೋರಾಗಿ: "ಎಲ್ಲರೂ ಮೇಲೆ ನೋಡಿ! ಯಾರೂ ಓಡಬೇಡಿ!"

ಓಡಬೇಡಿ ಅಂದಿದ್ದು ಯಾಕೆ ಅಂತ ಆಮೇಲೆ ಕೇಳಿದೆ. ಎಲ್ಲಿ ಬೀಳುತ್ತೆ ಅಂತ ಕಣ್ಣಿಟ್ಟವರು ಪಕ್ಕಕ್ಕೆ ಸರೀಬಹುದು. ನೋಡದೆ ಓಡಿದವರು ಅದರ ಕೆಳಗೇ ಹೋಗಬಹುದು.

ಅದು ನಮ್ಮಿಂದ ಸುಮಾರು ಎಂಬತ್ತು ಹೆಜ್ಜೆ ದೂರದಲ್ಲಿ ಬಿತ್ತು. ಮೂತಿ ಮೊಣಕೈ ಉದ್ದ ಮಣ್ಣೊಳಗೆ ಹೋಗಿತ್ತು. ಅರ್ಧ ಗಂಟೆ ಮುಂಚೆ ಆ ಕಡೆ ಒಬ್ಬ ಹುಡುಗ ಮೇಕೆ ಮೇಯಿಸ್ತಿದ್ದ. ತಂಡದವರು ಹೋಗಿ ಅವನನ್ನ, ಮೇಕೆಗಳನ್ನ ಏರಿ ಆಚೆ ಕಳಿಸಿದ್ರು. ಕಳಿಸದೇ ಇದ್ದಿದ್ರೆ ಅನ್ನೋ ಯೋಚನೆ ಇವತ್ತಿಗೂ ನನ್ನ ಬಿಟ್ಟಿಲ್ಲ.

ಅಗೆದು ತೆಗೆದಾಗ ನಡುಭಾಗ ಬಿರುಕು ಬಿಟ್ಟಿತ್ತು. ಅದರ ಸುತ್ತ ನನ್ನ ಸ್ಟಿಕ್ಕರ್, ಒಂದು ಮೂಲೆಯೂ ಎದ್ದಿರಲಿಲ್ಲ. ಲೀಡ್ ಹುಡುಗಿ ಅದನ್ನ ನೋಡಿದ್ಲು, ನನ್ನ ನೋಡಿದ್ಲು. "ಅಣ್ಣ, ಇದು ಯಾವಾಗ ಅಂಟಿಸಿದ್ರಿ?" ಅಂತ ಅಷ್ಟೇ ಕೇಳಿದ್ದು. ಬೈದಿದ್ರೆ ಚೆನ್ನಾಗಿತ್ತು.

ಗ್ರಾಫ್ ಹೇಳಿದ ಕಥೆ

ಮೆಮೊರಿ ಕಾರ್ಡ್ ಉಳಿದಿತ್ತು. ಅವರದ್ದು ಸ್ವಂತ ಬೋರ್ಡ್, ಬಿಎಂಪಿ280 ಸೆನ್ಸರ್ ಹಾಕಿದ್ದು. ಬಾಷ್ ಕಂಪನಿಯ ಈ ಪುಟಾಣಿ ಚಿಪ್ ಒಂದು ಮೀಟರ್ ಆಸುಪಾಸಿನ ಎತ್ತರದ ವ್ಯತ್ಯಾಸವನ್ನೂ ಹಿಡಿಯುತ್ತೆ. ಆ ರಾತ್ರಿ ಹಾಸ್ಟೆಲಲ್ಲಿ ಗ್ರಾಫ್ ತೆಗೆದ್ರು. ನಾನೂ ಕೂತಿದ್ದೆ, ಮನೆಗೆ ಹೋಗೋ ಮುಖ ಇರಲಿಲ್ಲ.

ಹಾರಾಟದ ಗೆರೆ ಹೆಚ್ಚುಕಮ್ಮಿ ಚಪ್ಪಟೆ. ಕೋಡ್ ಪ್ರಕಾರ 30 ಮೀಟರ್ ಏರಿದರೆ ಮಾತ್ರ ರಾಕೆಟ್ ಹೊರಟಿದೆ ಅಂತ ಅದು ನಂಬುತ್ತೆ. ಸೋರಿಕೆಯಿಂದ ಕಂಡ ಏರಿಕೆ ಅದರ ಹತ್ತಿರಕ್ಕೂ ಬಂದಿರಲಿಲ್ಲ. ಹೊರಟೇ ಇಲ್ಲ ಅಂದ ಮೇಲೆ ಪ್ಯಾರಾಚೂಟ್ ಯಾಕೆ ಬಿಡುತ್ತೆ?

ಅದಕ್ಕಿಂತ ವಿಚಿತ್ರ ಒಂದಿತ್ತು. ಹಾರೋದಕ್ಕೆ ಮುಂಚೆ, ಕಂಬದ ಮೇಲೆ ಬಿಸಿಲಲ್ಲಿ ನಿಂತಿದ್ದ ಹದಿನೈದು ನಿಮಿಷದಲ್ಲಿ, ಎತ್ತರ ನಿಧಾನಕ್ಕೆ ಮೈನಸ್‌ಗೆ ಇಳಿದಿತ್ತು. ಮೈನಸ್ 20 ಮೀಟರ್. ಅಂದ್ರೆ ರಾಕೆಟ್ ತಾನು ನೆಲದೊಳಗೆ ಹೂತಿದೀನಿ ಅಂದ್ಕೊಂಡಿತ್ತು.

ಕಾರಣ ಕೇಳಿದ್ರೆ ಸರಳ. ಮುಚ್ಚಿದ ಡಬ್ಬಿಯೊಳಗಿನ ಗಾಳಿ ಬಿಸಿಯಾದ್ರೆ ಒತ್ತಡ ಏರುತ್ತೆ. ಒಂದೇ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಹೆಕ್ಟೋಪಾಸ್ಕಲ್. ಆಲ್ಟಿಮೀಟರಿಗೆ ಅದು 30 ಮೀಟರ್ ಇಳಿದ ಹಾಗೆ. ತೂತು ತೆರೆದಿದ್ರೆ ಆ ಹೆಚ್ಚುವರಿ ಒತ್ತಡ ಆಗಿಂದಾಗ್ಗೆ ಹೊರಗೆ ಹೋಗಿರೋದು. ಅಂದ್ರೆ ಹಾರೋ ಮುಂಚೆಯೇ ಸಾಕ್ಷಿ ಇತ್ತು, ಆ ಅಂಕಿಯನ್ನ ಯಾರೂ ನೋಡ್ತಿರಲಿಲ್ಲ. ಎಲ್ಲರೂ ಕೇಳಿಸಿಕೊಂಡಿದ್ದು ಬೀಪ್ ಮಾತ್ರ.

ನಾನು ಬಿ.ಕಾಂ. ನಮಗೆ ಮೊದಲ ವರ್ಷವೇ ಒಂದು ಪಾಠ ಇದೆ: ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತ ಅರ್ಥ ಅಲ್ಲ. ಒಂದು ವ್ಯವಹಾರವನ್ನ ಪುಸ್ತಕದಲ್ಲಿ ಬರೆದೇ ಇಲ್ಲ ಅಂದ್ರೆ ಡೆಬಿಟ್ಟೂ ಇಲ್ಲ, ಕ್ರೆಡಿಟ್ಟೂ ಇಲ್ಲ, ಎರಡೂ ಕಡೆ ಮೊತ್ತ ಸಮ. ಬೀಪ್ ಕೂಡ ಅಷ್ಟೇ. ಕರೆಂಟ್ ಹರಿಯುತ್ತಿದೆ ಅಂತ ಹೇಳುತ್ತೆ. ಗಾಳಿ ಹರಿಯುತ್ತಿದೆಯಾ ಅನ್ನೋದು ಅದರ ಲೆಕ್ಕಕ್ಕೇ ಬರಲ್ಲ.

ತೂತು ಎಷ್ಟು ದೊಡ್ಡದಿರಬೇಕು?

ಹವ್ಯಾಸಿ ರಾಕೆಟ್ ದೊಡ್ಡದಾಗಿ ಬೆಳೆದಿದ್ದು ಅಮೆರಿಕದಲ್ಲಿ. ಅಲ್ಲಿನ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ ಶುರುವಾಗಿದ್ದು 1957ರಲ್ಲಿ. ಹಾಗಾಗಿ ಪ್ರಚಲಿತ ಸೂತ್ರವೂ ಇಂಚಿನಲ್ಲೇ ಇದೆ: 100 ಘನ ಇಂಚು ಕೋಣೆಗೆ ಕಾಲು ಇಂಚಿನ ಒಂದು ತೂತು. ನಮ್ಮ ಅಳತೆಯಲ್ಲಿ, ಸುಮಾರು 1640 ಸಿಸಿ ಜಾಗಕ್ಕೆ 6.35 ಮಿಲಿಮೀಟರ್ ತೂತು.

ನಮ್ಮ ಹುಡುಗರ ಕೋಣೆ 75 ಮಿಲಿಮೀಟರ್ ಅಗಲ, 200 ಮಿಲಿಮೀಟರ್ ಉದ್ದ. ಒಟ್ಟು 884 ಸಿಸಿ. ಸೂತ್ರದ ಪ್ರಕಾರ ಒಂದೇ ತೂತಾದರೆ 4.7 ಮಿಲಿಮೀಟರ್. ಅದನ್ನ ನಾಲ್ಕಾಗಿ ಹಂಚಿದ್ರೆ ಒಂದೊಂದೂ ಅದರ ಅರ್ಧ ಅಗಲ. ಕಾಲುಭಾಗ ಅಲ್ಲ, ಅರ್ಧ. ಇಲ್ಲಿ ಸಮ ಮಾಡಬೇಕಾಗಿರೋದು ಒಟ್ಟು ವಿಸ್ತೀರ್ಣವನ್ನ. ಅಗಲ ಅರ್ಧ ಆದ್ರೆ ವಿಸ್ತೀರ್ಣ ಕಾಲುಭಾಗ ಆಗುತ್ತೆ. ಹಾಗಾಗಿ ಅವರು 2.5 ಮಿಲಿಮೀಟರ್ ಡ್ರಿಲ್ ಬಿಟ್ ತಗೊಂಡು ನಾಲ್ಕು ತೂತು ಕೊರೆದಿದ್ರು.

ಇಷ್ಟು ಸಣ್ಣದು ಸಾಕಾ ಅಂತ ನನಗೂ ಅನ್ನಿಸ್ತು. ಲೆಕ್ಕ ಹಾಕಿ ತೋರಿಸಿದ್ರು. ಸೆಕೆಂಡಿಗೆ 100 ಮೀಟರ್ ಏರೋ ರಾಕೆಟ್ಟಿಗೆ ಒತ್ತಡ ಸೆಕೆಂಡಿಗೆ ಹೆಚ್ಚುಕಮ್ಮಿ ಶೇ. 1.1ರಷ್ಟು ಇಳಿಯುತ್ತೆ. 884 ಸಿಸಿಯಲ್ಲಿ ಶೇ. 1.1 ಅಂದ್ರೆ ಹತ್ತು ಸಿಸಿ. ಎರಡು ಟೀ ಚಮಚ ಗಾಳಿ! ಒಂದು ಸೆಕೆಂಡಲ್ಲಿ ಎರಡು ಚಮಚ ಗಾಳಿ ಹೊರಗೆ ಹೋದ್ರೆ ಮುಗೀತು. ನಾಲ್ಕು ತೂತಿಗೆ ಅದು ಯಾವ ಲೆಕ್ಕವೂ ಅಲ್ಲ. ತೂತು ಸ್ವಲ್ಪ ಚಿಕ್ಕದಾದ್ರೂ ಆಕಾಶ ಬೀಳಲ್ಲ. ಪೂರ್ತಿ ಮುಚ್ಚಿದ್ರೆ ಮಾತ್ರ ಬೀಳೋದು, ಅದೂ ರಾಕೆಟ್ಟು.

ತೀರಾ ಸೂಜಿಮೊನೆಯಷ್ಟು ಸಣ್ಣದಾದ್ರೆ ಬೇರೆ ತೊಂದರೆ. ಏರುವಾಗ ಒಳಗಿನ ಗಾಳಿ ತಡವಾಗಿ ಹೋಗುತ್ತೆ, ತುದಿ ಮುಟ್ಟಿದ್ದು ತಡವಾಗಿ ಗೊತ್ತಾಗುತ್ತೆ. ಇಳಿಯುವಾಗ ಗಾಳಿ ತಡವಾಗಿ ಬರುತ್ತೆ, ಆಲ್ಟಿಮೀಟರ್ ತಾನಿನ್ನೂ ಮೇಲಿದೀನಿ ಅಂದ್ಕೊಳ್ಳುತ್ತೆ. 150 ಮೀಟರಿನಲ್ಲಿ ಬಿಚ್ಚಬೇಕಾದ ಪ್ಯಾರಾಚೂಟ್ ಅದಕ್ಕಿಂತ ಕೆಳಗೆ ಬಂದ ಮೇಲೆ ಬಿಚ್ಚುತ್ತೆ.

ಹಾಗಾದ್ರೆ ದೊಡ್ಡ ತೂತೇ ಇಡೋಣ ಅಂತೀರಾ? ಅದೂ ಸರಿಯಲ್ಲ. ದೊಡ್ಡ ತೂತಿನಲ್ಲಿ ಹೊರಗಿನ ಗಾಳಿಯ ಹೊಡೆತ, ಸುಳಿ ಎಲ್ಲ ಒಳಗೆ ಬರುತ್ತೆ. ರೀಡಿಂಗ್ ಕುಣಿಯೋಕೆ ಶುರುಮಾಡುತ್ತೆ.

ನಾಲ್ಕೇ ಯಾಕೆ, ಅಲ್ಲೇ ಯಾಕೆ?

ಬೈಕಲ್ಲಿ ಹೋಗುವಾಗ ಅಂಗೈ ಗಾಳಿಗೆ ಎದುರಾಗಿ ಹಿಡಿದ್ರೆ ತಳ್ಳುತ್ತೆ. ಆ ತಳ್ಳೋದೂ ಒತ್ತಡವೇ. ಆಲ್ಟಿಮೀಟರಿಗೆ ಅದು ಬೇಡ, ಅದಕ್ಕೆ ಬೇಕಾಗಿರೋದು ಸುತ್ತಲಿನ ಗಾಳಿಯ ನಿಶ್ಚಲ ಒತ್ತಡ ಮಾತ್ರ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಎದುರುಗಾಳಿಯ ತಳ್ಳುವ ಒತ್ತಡ 5300 ಪಾಸ್ಕಲ್ ಹತ್ತಿರ ಬರುತ್ತೆ. ಎತ್ತರಕ್ಕೆ ಬದಲಾಯಿಸಿದ್ರೆ 500 ಮೀಟರ್! ತೂತಿನ ಅಂಚಲ್ಲಿ ಒಂದು ಸಿಬಿರು ಎದ್ದು ನಿಂತು, ಅದರಲ್ಲಿ ಹತ್ತನೇ ಒಂದು ಪಾಲು ಒಳಗೆ ತಿರುಗಿದ್ರೂ 50 ಮೀಟರ್ ತಪ್ಪು ಬರುತ್ತೆ. ಅದಕ್ಕೇ ತೂತು ಮೈಗೆ ನೇರವಾಗಿರಬೇಕು, ಅಂಚನ್ನ ಒಳಗೂ ಹೊರಗೂ ಸ್ಯಾಂಡ್‌ಪೇಪರಲ್ಲಿ ಉಜ್ಜಿ ನುಣುಪು ಮಾಡಬೇಕು.

ಒಂದೇ ತೂತಿದ್ದು ಆ ಕಡೆಯಿಂದಲೇ ಗಾಳಿ ಬೀಸಿದ್ರೆ ಒತ್ತಡ ಜಾಸ್ತಿ ತೋರಿಸುತ್ತೆ. ಎದುರುಬದುರು ಎರಡಿದ್ರೆ ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಗೆ, ಎದುರುಬದುರು ಕಿಟಕಿ ತೆಗೆದಿಟ್ಟ ಮನೆ ಥರ. ಮೂರು ಅಥವಾ ನಾಲ್ಕು ತೂತನ್ನ ಸಮ ದೂರದಲ್ಲಿ, ಒಂದೇ ಎತ್ತರದಲ್ಲಿ ಇಟ್ರೆ, ಒಂದು ಕಡೆಯ ಹೆಚ್ಚು ಇನ್ನೊಂದು ಕಡೆಯ ಕಮ್ಮಿ ಸೇರಿ ಬಹುಮಟ್ಟಿಗೆ ಸರಿಹೋಗುತ್ತೆ.

ಜಾಗವೂ ಮುಖ್ಯ. ರಾಕೆಟ್ಟಿನ ಮೂತಿ ಮುಗಿದು ನೇರ ಕೊಳವೆ ಶುರುವಾಗೋ ಕಡೆ ಗಾಳಿ ಬಾಗಿ ವೇಗ ಪಡೆಯುತ್ತೆ, ಅಲ್ಲಿ ಒತ್ತಡ ಸುತ್ತಲಿಗಿಂತ ಕಮ್ಮಿ. ಹಾಗಾಗಿ ಮೂತಿಯಿಂದ ಕೊಳವೆಯ ಅಗಲದ ನಾಲ್ಕು ಪಟ್ಟಾದ್ರೂ ಕೆಳಗೆ ತೂತು ಇಡಿ ಅಂತಾರೆ. ಇವರದ್ದು 75 ಮಿಲಿಮೀಟರ್ ಕೊಳವೆ, ಅಂದ್ರೆ 30 ಸೆಂಟಿಮೀಟರ್ ಕೆಳಗೆ. ತೂತಿನ ಮೇಲ್ಗಡೆ ಸ್ಕ್ರೂ ತಲೆ, ಕ್ಯಾಮೆರಾ, ಏನೂ ಉಬ್ಬಿಕೊಂಡಿರಬಾರದು. ಶಬ್ದದ ವೇಗ ದಾಟೋ ದೊಡ್ಡ ರಾಕೆಟ್‌ಗಳಲ್ಲಿ ಆಘಾತ ತರಂಗ ತೂತಿನ ಮೇಲೆ ಹಾದು ಹೋಗುವಾಗ ಒತ್ತಡ ತಟ್ಟನೆ ಜಿಗಿಯುತ್ತೆ, ಅದಕ್ಕೆ ಸಾಫ್ಟ್‌ವೇರಲ್ಲೇ ಬೇರೆ ಏರ್ಪಾಡು ಬೇಕು. ಇವರದ್ದು ಆ ವೇಗಕ್ಕೆ ಹೋಗಲ್ಲ.

ಕೊನೇದಾಗಿ, ಹೊರಗಡೆಗೆ ತೆರೆದಿರೋ ಈ ಕೋಣೆ ಮೇಲಕ್ಕೂ ಕೆಳಕ್ಕೂ ಬಿಗಿಯಾಗಿ ಮುಚ್ಚಿರಬೇಕು. ಪ್ಯಾರಾಚೂಟ್ ಹೊರಗೆ ತಳ್ಳೋಕೆ ಪಕ್ಕದ ಕೋಣೆಯಲ್ಲಿ ಸಣ್ಣ ಸ್ಫೋಟ ಆಗುತ್ತಲ್ಲ, ಆ ಹೊಗೆ ವೈರ್ ಹೋಗೋ ಸಂದಿಯಿಂದ ಒಳಗೆ ಬಂದ್ರೆ ಒತ್ತಡ ಒಮ್ಮೆಲೇ ಏರುತ್ತೆ. ಆಲ್ಟಿಮೀಟರಿಗೆ ಸರ್ರನೆ ನೆಲಕ್ಕೆ ಇಳಿದ ಹಾಗೆ ಕಾಣುತ್ತೆ. ಜೊತೆಗೆ ಆ ಹೊಗೆ ಬೋರ್ಡನ್ನೂ ತಿನ್ನುತ್ತೆ.

ವಿಮಾನಕ್ಕೂ ಇದೇ ತೂತು

ಈ ಸಂಚಿಕೆಗೆ ಓದ್ತಾ ಇದ್ದಾಗ ಒಂದು ಘಟನೆ ಸಿಕ್ತು. ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

1996ರ ಅಕ್ಟೋಬರ್ 2. ಪೆರು ದೇಶದ ಲಿಮಾದಿಂದ ಚಿಲಿಯ ಸ್ಯಾಂಟಿಯಾಗೋಗೆ ಹೊರಟ ಏರೋಪೆರು 603, ಬೋಯಿಂಗ್ 757. ವಿಮಾನದ ಮೈಮೇಲೂ ಇಂಥದ್ದೇ ತೂತುಗಳಿರ್ತವೆ, ಎತ್ತರ ಮತ್ತು ವೇಗ ಅಳೆಯೋಕೆ. ವಿಮಾನ ತೊಳೆಯುವಾಗ ನೀರು ಹೋಗದಿರಲಿ ಅಂತ ಅವಕ್ಕೆ ಟೇಪ್ ಅಂಟಿಸಿದ್ದರು. ತೆಗೆಯೋದು ಮರೆತುಹೋಗಿತ್ತು. ರಾತ್ರಿ, ಕೆಳಗೆ ಪೆಸಿಫಿಕ್ ಸಮುದ್ರ, ಒಂದು ದೀಪವೂ ಇಲ್ಲ. ಎತ್ತರ ತಪ್ಪು, ವೇಗ ತಪ್ಪು, ಒಂದಕ್ಕೊಂದು ವಿರುದ್ಧವಾದ ಎಚ್ಚರಿಕೆಗಳು. ಪೈಲಟ್‌ಗಳು ಕೆಳಗಿನ ಕಂಟ್ರೋಲ್ ರೂಮನ್ನ ಕೇಳಿದ್ರು, ನಾವೆಷ್ಟು ಎತ್ತರದಲ್ಲಿದೀವಿ ಅಂತ. ಅವರು ಹೇಳಿದ ಅಂಕಿಯೂ ತಪ್ಪೇ, ಯಾಕಂದ್ರೆ ಅವರ ಪರದೆಗೆ ಎತ್ತರ ಹೋಗ್ತಿದ್ದದ್ದು ಅದೇ ವಿಮಾನದ ಉಪಕರಣದಿಂದ. ಒಂದೇ ತಪ್ಪು ವೋಚರಿಂದ ಬರೆದ ಎರಡು ಪುಸ್ತಕ. ತಾಳೆ ಆಯ್ತು, ನಂಬಿದರು. ರೆಕ್ಕೆ ನೀರಿಗೆ ತಾಗಿದಾಗಲೂ ಆಲ್ಟಿಮೀಟರ್ ಒಂಬತ್ತು ಸಾವಿರ ಅಡಿಗೂ ಹೆಚ್ಚು ತೋರಿಸುತ್ತಿತ್ತು. ಎಪ್ಪತ್ತು ಜನ ಇದ್ದರು. ಯಾರೂ ಉಳಿಯಲಿಲ್ಲ.

ಟೇಪ್ ಅಂಟಿಸಿದವರೂ ಒಳ್ಳೇದಕ್ಕೇ ಅಂಟಿಸಿದ್ದು. ನನ್ನ ಥರಾನೇ.

ನೀವೇ ಮಾಡಿ ನೋಡಿ

ರಾಕೆಟ್ ಬೇಡ. ಬಹಳಷ್ಟು ಫೋನ್‌ಗಳಲ್ಲಿ ಬ್ಯಾರೋಮೀಟರ್ ಇರುತ್ತೆ, ಎಲ್ಲದರಲ್ಲೂ ಇರಲ್ಲ. ಇದ್ರೆ ಒತ್ತಡ ತೋರಿಸೋ ಯಾವುದಾದ್ರೂ ಆ್ಯಪ್ ಹಾಕ್ಕೊಳ್ಳಿ. ಲಿಫ್ಟಲ್ಲಿ ಹತ್ತು ಮಹಡಿ ಹತ್ತಿ. ಸುಮಾರು 3 ಹೆಕ್ಟೋಪಾಸ್ಕಲ್ ಇಳಿಯುತ್ತೆ. ಈಗ ಅದೇ ಫೋನನ್ನ ಗಾಳಿಯಾಡದ, ಗಟ್ಟಿ ಪ್ಲಾಸ್ಟಿಕ್ಕಿನ ಪಾರದರ್ಶಕ ಡಬ್ಬಿಯಲ್ಲಿಟ್ಟು ಮುಚ್ಚಿ ಹತ್ತಿ. ಅಂಕಿ ಅಷ್ಟು ಇಳಿಯಲ್ಲ. ಫೋನಿನ ಬಿಸಿಗೆ ಒಳಗಿನ ಗಾಳಿ ಕಾದ್ರೆ ಏರಿದ್ರೂ ಏರಬಹುದು, ಮೇಲೆ ಹೋಗ್ತಾ ಇದ್ದರೂ ಇಳೀತಿರೋ ಹಾಗೆ. ಆಮೇಲೆ ಮುಚ್ಚಳಕ್ಕೆ ಒಂದು ಸಣ್ಣ ತೂತು ಮಾಡಿ ಮತ್ತೆ ಹತ್ತಿ. ಅಮ್ಮನ್ನ ಕೇಳಿ ಡಬ್ಬಿ ತಗೊಳ್ಳಿ, ನನ್ನ ಹೆಸರು ಹೇಳಬೇಡಿ.

ಎರಡನೇ ಸಲ

ಮೂರು ತಿಂಗಳಾದ ಮೇಲೆ ತಂಡ ಮತ್ತೆ ಅದೇ ಕೆರೆಗೆ ಹೋಯ್ತು. ಹೊಸ ಕೊಳವೆಯ ಖರ್ಚಲ್ಲಿ ನನ್ನದೂ ಪಾಲಿತ್ತು. ಚೆಕ್‌ಲಿಸ್ಟಲ್ಲಿ ಈಗ ಮೂರು ಹೊಸ ಸಾಲು. ಮೊದಲನೇದು, ಹಿಂದಿನ ದಿನ ಲ್ಯಾಬಲ್ಲಿ, ಮದ್ದು ಯಾವುದೂ ಜೋಡಿಸದೇ ಇರುವಾಗ, ಮೂರು ತೂತಿಗೆ ಬೆರಳಿಟ್ಟು ನಾಲ್ಕನೇದಕ್ಕೆ ಸ್ಟ್ರಾ ಇಟ್ಟು ಮೆಲ್ಲಗೆ ಎಳೀಬೇಕು. ಲ್ಯಾಪ್‌ಟಾಪಲ್ಲಿ ಎತ್ತರ ಏರಬೇಕು, ಬಿಟ್ಟ ತಕ್ಷಣ ವಾಪಸ್ ಸೊನ್ನೆಗೆ ಬರಬೇಕು. ನಾಲ್ಕೂ ತೂತಿಗೆ ಒಂದೊಂದು ಸಲ. ಎರಡನೇದು, ಕಂಬದ ಮೇಲೆ ನಿಂತಾಗ ಬೀಪ್ ಜೊತೆ ಎತ್ತರದ ಅಂಕಿಯನ್ನೂ ಜೋರಾಗಿ ಓದಬೇಕು. ಮೂರನೇದು, ಎಲ್ಲ ಮುಗಿದ ಮೇಲೆ ರಾಕೆಟ್ ಕಟ್ಟದೇ ಇರೋ ಒಬ್ಬರು ಬಂದು ತೂತು ಎಣಿಸಬೇಕು.

ಆ ಮೂರನೇ ಕೆಲಸವನ್ನ ಲೀಡ್ ಹುಡುಗಿ ನನಗೆ ಕೊಟ್ಲು. "ಅಣ್ಣ, ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಅದು ಎಲ್ಲಿದೆ ಅಂತ" ಅಂದ್ಲು. ಎಲ್ಲರೂ ನಕ್ಕರು. ನಾನು ಸುತ್ತು ಬಂದೆ. ಒಂದು, ಎರಡು, ಮೂರು, ನಾಲ್ಕು. ಜೋರಾಗಿ ಹೇಳ್ದೆ. ಇನ್ನೊಂದು ಸುತ್ತು ಬಂದು ಮತ್ತೆ ಎಣಿಸಿದೆ.

ಅವತ್ತಿನ ಗ್ರಾಫ್ ಬೆಟ್ಟದ ಹಾಗೆ ಬಂತು. ತುದಿ 470 ಮೀಟರ್. ಸಣ್ಣದು ಬಿಚ್ಚಿತು, ಆಮೇಲೆ ದೊಡ್ಡದು. ಕೆಂಪು ಬಟ್ಟೆ ಬಿಚ್ಚಿಕೊಂಡಾಗ ಬಂದ ಶಬ್ದ ಈ ಸಂಚಿಕೆಯ ಕೊನೆಗೆ ಹಾಕಿದೀನಿ, ಹೆಡ್‌ಫೋನಲ್ಲಿ ಕೇಳಿ. ಏರಿ ಆಚೆಯಿಂದ ಒಂದು ಮೇಕೆ ಕೂಗೋದೂ ಕೇಳಿಸುತ್ತೆ.

ಡಬ್ಬಿ ಪ್ರಯೋಗ ಮಾಡಿದವರು ಎಷ್ಟು ಬಂತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.